ಕತ್ತಲೆಯನ್ನು ಮೊದಲು ಅಳೆಯಬೇಕು: ಮಂದ ಬೆಳಕಿನ ಕ್ಯಾಮೆರಾ ಮತ್ತು ಸಾಕ್ಷ್ಯದ ಪ್ರಶ್ನೆ



ವೀಕ್ಷಣಾಲಯದ ದೂರದರ್ಶಕದ ತುದಿಯಲ್ಲಿ, ಜೀವಕೋಶಗಳನ್ನು ನೋಡುವ ಸೂಕ್ಷ್ಮದರ್ಶಕದ ಮೇಲೆ, ಭೂಮಿಯನ್ನು ಸುತ್ತುವ ಉಪಗ್ರಹದ ಒಡಲಲ್ಲಿ ಕೆಲಸ ಮಾಡುವ ಮಂದ ಬೆಳಕಿನ ಕ್ಯಾಮೆರಾಗಳು ನಮ್ಮ ಕೈಗೆ ಕೊಡುವುದು ಅಂಕೆಗಳ ಒಂದು ದೊಡ್ಡ ಕೋಷ್ಟಕವನ್ನು. ಆ ಕೋಷ್ಟಕವನ್ನು ಪರದೆಯ ಮೇಲೆ ಕಪ್ಪು-ಬಿಳುಪಾಗಿ ಹರಡಿದಾಗ ಅದು ಚಿತ್ರದಂತೆ ಕಾಣುತ್ತದೆ, ಮತ್ತು ಚಿತ್ರದಂತೆ ಕಂಡ ಕೂಡಲೆ ನಾವು ಅದನ್ನು ನಂಬಿಬಿಡುತ್ತೇವೆ. ಇಂದಿನ ಉಪನ್ಯಾಸದಲ್ಲಿ ನಾನು ಮಂಡಿಸಬೇಕೆಂದಿರುವ ವಾದ ಈ ನಂಬಿಕೆಯ ಕುರಿತದ್ದು. ಕ್ಯಾಮೆರಾ ಕೊಟ್ಟ ಅಂಕೆ ಸಾಕ್ಷ್ಯವೆನಿಸಬೇಕಾದರೆ, ಬೆಳಕೇ ಬೀಳದಿದ್ದಾಗ ಅದೇ ಕ್ಯಾಮೆರಾ ಯಾವ ಅಂಕೆ ಕೊಡುತ್ತದೆ ಎಂಬುದು ನಮಗೆ ಮೊದಲೇ ತಿಳಿದಿರಬೇಕು. ಕ್ಯಾಮೆರಾವನ್ನು ಅಣಿಗೊಳಿಸುವ ಕೆಲಸ ಎಂದು ಪ್ರಯೋಗಾಲಯಗಳಲ್ಲಿ ಕಿರಿಯರಿಗೆ ಒಪ್ಪಿಸಿಬಿಡುವ ಆ ಗಂಟೆಗಳಲ್ಲೇ ವಿಜ್ಞಾನದ ಅರ್ಧ ನಡೆದುಹೋಗುತ್ತದೆ ಎಂದು ನಾನು ತಿಳಿದಿದ್ದೇನೆ.

ಮಂದ ಬೆಳಕು ಎಂದರೆ ಎಷ್ಟು ಮಂದ ಎನ್ನುವುದನ್ನು ಮೊದಲು ನೋಡೋಣ. 20ನೇ ಕಾಂತಿಮಾನದ ಒಂದು ನಕ್ಷತ್ರವನ್ನು ತೆಗೆದುಕೊಳ್ಳಿ. ಬರಿಗಣ್ಣಿಗೆ ಕಾಣುವ ಅತಿ ಮಸುಕಾದ ನಕ್ಷತ್ರಕ್ಕಿಂತ ಅದು ಲಕ್ಷಪಾಲಿಗೂ ಹೆಚ್ಚು ಮಂದ. 2 ಮೀಟರ್ ವ್ಯಾಸದ ದರ್ಪಣದ ಮೇಲೆ, ಹಳದಿ-ಹಸಿರು ಪಟ್ಟಿಯಲ್ಲಿ, ಅದರಿಂದ ಸೆಕೆಂಡಿಗೆ ಸುಮಾರು ಮುನ್ನೂರು ಫೋಟಾನುಗಳು ಬಂದು ಬೀಳಬಹುದು. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕದ ದರ್ಪಣ ಅಷ್ಟು ದೊಡ್ಡದು. ಅದನ್ನು ನಡೆಸುವುದು ನಮ್ಮ ಬೆಂಗಳೂರಿನ ಹೊರವಲಯದ ಹೊಸಕೋಟೆಯಲ್ಲಿರುವ ಕ್ರೆಸ್ಟ್ ಎಂಬ ಸಂಶೋಧನಾ ಆವರಣದಿಂದ, ಉಪಗ್ರಹ ಸಂಪರ್ಕದ ಮೂಲಕ. ಹೊಸಕೋಟೆಯಲ್ಲಿ ಕುಳಿತ ವೀಕ್ಷಕರು ಹಾನ್ಲೆಯ ಆಕಾಶವನ್ನು ಕಣ್ಣಾರೆ ಕಾಣುವುದಿಲ್ಲ, ಅವರಿಗೆ ಬರುವುದು ಅಂಕೆಗಳು ಮಾತ್ರ. ಹಾನ್ಲೆಯಂಥ ಕಡುಗಪ್ಪು ಆಕಾಶವೂ ಪೂರ್ತಿ ಕಪ್ಪಲ್ಲ. ಮೇಲಿನ ವಾತಾವರಣದ ಆಮ್ಲಜನಕದ ಪರಮಾಣುಗಳು ರಾತ್ರಿಯಿಡೀ ನಸುಹಸಿರಾಗಿ ಹೊಳೆಯುತ್ತಿರುತ್ತವೆ. ನಮ್ಮ ನಕ್ಷತ್ರ ಕ್ಯಾಮೆರಾದ ಮೇಲೆ ಹರಡಿಕೊಳ್ಳುವ ಪುಟ್ಟ ವೃತ್ತದೊಳಗೆ ಆಕಾಶದ ಈ ಸ್ವಂತ ಬೆಳಕೂ ನಕ್ಷತ್ರದ ಬೆಳಕಿನಷ್ಟೇ ಸೇರಿಕೊಂಡಿರುತ್ತದೆ. ಎಂದ ಮೇಲೆ ನಕ್ಷತ್ರದ ಹೊಳಪನ್ನು ಅಳೆಯುವುದೆಂದರೆ ಎರಡು ಸರಿಸಮಾನ ರಾಶಿಗಳನ್ನು ಬೇರ್ಪಡಿಸುವುದು. ಅದಕ್ಕೆ ಮೂರನೆಯ ರಾಶಿಯಾಗಿ ಕ್ಯಾಮೆರಾ ತನ್ನದನ್ನೂ ಸೇರಿಸುತ್ತದೆ.

ಕ್ಯಾಮೆರಾ ಸೇರಿಸುವುದು ಏನು? 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ, 2009ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ಸಿಸಿಡಿಯಾಗಲಿ, ಇಂದು ಹೆಚ್ಚು ಬಳಕೆಯಲ್ಲಿರುವ ವೈಜ್ಞಾನಿಕ ಸಿಮಾಸ್ ಸೆನ್ಸರ್ ಆಗಲಿ, ಒಳಗಿರುವುದು ಸಿಲಿಕಾನ್. ಫೋಟಾನ್ ಬಿದ್ದಾಗ ಒಂದು ಎಲೆಕ್ಟ್ರಾನ್ ಬಿಡುಗಡೆಯಾಗಿ ಪಿಕ್ಸೆಲ್ಲಿನೊಳಗೆ ಸೇರುತ್ತದೆ. ಆದರೆ ಎಲೆಕ್ಟ್ರಾನನ್ನು ಬಿಡಿಸಲು ಶಾಖಕ್ಕೂ ಬರುತ್ತದೆ, ಮತ್ತು ಹಾಗೆ ಬಿಡುಗಡೆಯಾದ ಎಲೆಕ್ಟ್ರಾನಿನ ಮೇಲೆ ಅದು ಎಲ್ಲಿಂದ ಬಂತೆಂಬ ಗುರುತೇನೂ ಇರುವುದಿಲ್ಲ. ಇದನ್ನೇ ಡಾರ್ಕ್ ಕರೆಂಟ್ ಎನ್ನುತ್ತಾರೆ. ಸೆನ್ಸರನ್ನು ಸುಮಾರು 6–7 ಡಿಗ್ರಿ ತಂಪು ಮಾಡಿದಂತೆಲ್ಲ ಇದು ಅರ್ಧವಾಗುತ್ತ ಹೋಗುತ್ತದೆ. ಕೋಣೆಯ 20 ಡಿಗ್ರಿಯಿಂದ ಸೊನ್ನೆಗಿಂತ ಕೆಳಗೆ 50ಕ್ಕೆ ಇಳಿಸಿದರೆ ಹತ್ತು ಬಾರಿ ಅರ್ಧವಾಗಿ, ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಆಮೇಲೆ ಪಿಕ್ಸೆಲ್ಲಿನಲ್ಲಿರುವ ಎಲೆಕ್ಟ್ರಾನುಗಳನ್ನು ಎಣಿಸುವ ವಿದ್ಯುನ್ಮಂಡಲವೂ ಪ್ರತಿ ಸಲ ಸ್ವಲ್ಪ ಹೆಚ್ಚು ಕಡಿಮೆ ಎಣಿಸುತ್ತದೆ. ಈ ಓದುಗದ್ದಲ ಸಾಮಾನ್ಯ ಸಿಸಿಡಿಯಲ್ಲಿ ಕೆಲವು ಎಲೆಕ್ಟ್ರಾನುಗಳಷ್ಟು, ಒಳ್ಳೆಯ ವೈಜ್ಞಾನಿಕ ಸಿಮಾಸ್‌ನಲ್ಲಿ ಒಂದೆರಡು ಎಲೆಕ್ಟ್ರಾನುಗಳಷ್ಟು. ಇವೆರಡರ ಜೊತೆಗೆ ತಯಾರಕರು ಬೇಕೆಂದೇ ಸೇರಿಸಿದ ಇನ್ನೊಂದಿದೆ. ಬೆಳಕಿಲ್ಲದ ಪಿಕ್ಸೆಲ್ಲು ಸೊನ್ನೆಯ ಆಚೀಚೆ ತುಯ್ಯುತ್ತಿರುತ್ತದೆ. ಸೊನ್ನೆಗಿಂತ ಕೆಳಗಿನ ಬೆಲೆಗಳನ್ನು ಕತ್ತರಿಸಿ ಎಸೆದರೆ ಸರಾಸರಿ ಸುಳ್ಳಾಗುತ್ತದೆ. ಅದನ್ನು ತಪ್ಪಿಸಲು ಪ್ರತಿ ಪಿಕ್ಸೆಲ್ಲಿಗೂ ಒಂದು ಸ್ಥಿರ ಮೊತ್ತವನ್ನು, ಅನೇಕ ಕ್ಯಾಮೆರಾಗಳಲ್ಲಿ 100ರ ಆಸುಪಾಸು, ಮುಂಚೆಯೇ ಕೂಡಿಸಿಟ್ಟಿರುತ್ತಾರೆ. ಇದನ್ನರಿಯದವರು 110 ಎಂದು ಓದಿದ ಪಿಕ್ಸೆಲ್ಲನ್ನೂ 120 ಎಂದು ಓದಿದ ಪಿಕ್ಸೆಲ್ಲನ್ನೂ ಹೋಲಿಸಿ ಹೊಳಪು ಶೇಕಡ 9ರಷ್ಟು ಹೆಚ್ಚಿತು ಎಂದು ಬರೆಯುತ್ತಾರೆ. ನಿಜದಲ್ಲಿ ಅದು ಇಮ್ಮಡಿಯಾಗಿದೆ. ಅಂಗಡಿಯವನು ತುಪ್ಪ ತೂಗುವ ಮೊದಲು ಖಾಲಿ ಪಾತ್ರೆಯನ್ನು ತಕ್ಕಡಿಯಲ್ಲಿಟ್ಟು ನೋಡುವುದು ಇದೇ ಕಾರಣಕ್ಕೆ.

ಹಾಗಾದರೆ ಖಾಲಿ ಪಾತ್ರೆಯ ತೂಕ ತೆಗೆಯುವುದು ಹೇಗೆ? ಕ್ಯಾಮೆರಾವನ್ನು ನಿಗದಿತ ಉಷ್ಣತೆಗೆ ತಂದು, ಅಲ್ಲಿ ನೆಲೆನಿಲ್ಲಲು ಬಿಟ್ಟು, ಮುಚ್ಚಳ ಹಾಕಿ, ಪ್ರಯೋಗದಲ್ಲಿ ಬಳಸಲಿರುವ ಅದೇ ಅವಧಿ, ಅದೇ ಗೇನ್ (ಎಲೆಕ್ಟ್ರಾನುಗಳನ್ನು ಅಂಕೆಗೆ ಬದಲಿಸುವ ಪ್ರಮಾಣ), ಅದೇ ಓದುವೇಗದಲ್ಲಿ ಡಾರ್ಕ್ ಫ್ರೇಮುಗಳನ್ನು ತೆಗೆಯಬೇಕು. ಒಂದೇ ಫ್ರೇಮ್ ತೆಗೆದು ಕಳೆದುಬಿಟ್ಟರೆ ಸಾಲದು, ಏಕೆಂದರೆ ಆ ಒಂದು ಫ್ರೇಮಿನ ಗದ್ದಲವೂ ಫಲಿತಾಂಶಕ್ಕೆ ಸೇರಿ ಓದುಗದ್ದಲ 1.4 ಪಟ್ಟಾಗುತ್ತದೆ. ಹತ್ತಿಪ್ಪತ್ತು ತೆಗೆದು ಸರಾಸರಿ ಮಾಡಿದರೆ ಆ ಹೊರೆ ಇಳಿಯುತ್ತದೆ. ಅನಂತರ ಸಮನಾಗಿ ಬೆಳಗಿದ ಮೇಲ್ಮೈಯ ಫ್ರೇಮುಗಳು ಬೇಕು. ಖಗೋಳದವರು ಸೂರ್ಯ ಮುಳುಗಿದ ಮೇಲಿನ ಸಂಜೆಯ ಆಕಾಶವನ್ನು ಇದಕ್ಕೆ ಬಳಸುತ್ತಾರೆ, ಸೂಕ್ಷ್ಮದರ್ಶಕದವರು ಏಕರೂಪವಾಗಿ ಹೊಳೆಯುವ ಗಾಜಿನ ಸ್ಲೈಡನ್ನು. ಮಸೂರದ ಅಂಚಿನ ಮಬ್ಬು, ಕಿಟಕಿಯ ಮೇಲಿನ ದೂಳು, ಒಂದು ಪಿಕ್ಸೆಲ್ಲಿಗೂ ಇನ್ನೊಂದಕ್ಕೂ ಇರುವ ಸಂವೇದನೆಯ ವ್ಯತ್ಯಾಸ ಎಲ್ಲವೂ ಈ ಫ್ಲ್ಯಾಟ್ ಫ್ರೇಮಿನಲ್ಲಿ ಬಯಲಾಗುತ್ತವೆ. ಡಾರ್ಕನ್ನು ಕಳೆದು, ಫ್ಲ್ಯಾಟ್‌ನಿಂದ ಭಾಗಿಸಿದ ಮೇಲೆ ಉಳಿಯುವುದನ್ನು ಮಾತ್ರ ವಸ್ತುವಿನ ಬೆಳಕೆಂದು ಕರೆಯುವ ಹಕ್ಕು ನಮಗೆ ಬರುತ್ತದೆ.

ಇನ್ನೂ ಒಂದು ಹೆಜ್ಜೆ ಉಳಿದಿದೆ. ಬಹುಮಂದಿ ಅದನ್ನು ಬಿಟ್ಟುಬಿಡುತ್ತಾರೆ, ನನಗೆ ಅದೇ ಎಲ್ಲಕ್ಕಿಂತ ಸುಂದರವಾದದ್ದಾಗಿ ಕಾಣುತ್ತದೆ. ಪರದೆಯ ಅಂಕೆಗೂ ನಿಜವಾದ ಎಲೆಕ್ಟ್ರಾನುಗಳ ಸಂಖ್ಯೆಗೂ ಇರುವ ಸಂಬಂಧವನ್ನು ಹೊರಗಿನ ಯಾವ ಮಾನಕವೂ ಇಲ್ಲದೆ, ಬೆಳಕಿನ ಸ್ವಭಾವದಿಂದಲೇ ಕಂಡುಕೊಳ್ಳಬಹುದು. ಫೋಟಾನುಗಳು ಮಳೆಹನಿಗಳಂತೆ ಒಂದಕ್ಕೊಂದು ಸಂಬಂಧವಿಲ್ಲದೆ ಬೀಳುವುದರಿಂದ, ಸರಾಸರಿ ನೂರು ಬಿದ್ದೆಡೆ ಹತ್ತರಷ್ಟು ಏರುಪೇರು, ಹತ್ತು ಸಾವಿರ ಬಿದ್ದೆಡೆ ನೂರರಷ್ಟು ಏರುಪೇರು ಇದ್ದೇ ಇರುತ್ತದೆ. ಒಂದೇ ಬೆಳಕಿನಲ್ಲಿ ಎರಡು ಫ್ರೇಮ್ ತೆಗೆದು, ಒಂದರಿಂದ ಇನ್ನೊಂದನ್ನು ಕಳೆದು, ಏರುಪೇರಿನ ವರ್ಗದ ಸರಾಸರಿಯನ್ನು ಲೆಕ್ಕ ಹಾಕಿ ಅರ್ಧ ಮಾಡಿ. ಸ್ಥಿರ ಮೊತ್ತ ಕಳೆದ ಮೇಲಿನ ಸರಾಸರಿ ಅಂಕೆ 5,000 ಆಗಿದ್ದು, ಹೀಗೆ ಪಡೆದ ವರ್ಗ 2,500 ಆಗಿದ್ದರೆ, ಒಂದೊಂದು ಅಂಕೆಯೂ ಎರಡು ಎಲೆಕ್ಟ್ರಾನುಗಳಿಗೆ ಸಮ. ಇದನ್ನು ಬೇರೆ ಬೇರೆ ಪ್ರಮಾಣದ ಬೆಳಕಿನಲ್ಲಿ ಮಾಡಿ ಗೆರೆ ಎಳೆದರೆ ಬರುವ ವಕ್ರವನ್ನು ಫೋಟಾನ್ ಟ್ರಾನ್ಸ್‌ಫರ್ ಕರ್ವ್ ಎನ್ನುತ್ತಾರೆ. ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಜೇಮ್ಸ್ ಜೇನ್‌ಸಿಕ್ ಇದನ್ನು ಸಿಸಿಡಿ ಪರೀಕ್ಷೆಯ ಮೂಲ ಸಾಧನವನ್ನಾಗಿ ಬೆಳೆಸಿದರು. ಕ್ಯಾಮೆರಾದ ಗೇನ್, ಓದುಗದ್ದಲ, ಎಷ್ಟು ಬೆಳಕಿಗೆ ಪಿಕ್ಸೆಲ್ಲು ತುಂಬಿ ತುಳುಕುತ್ತದೆ ಎಂಬುದು, ಎಲ್ಲಿಯವರೆಗೆ ಅದು ನಂಬಿಕಸ್ತ ಎಂಬುದು, ಎಲ್ಲವೂ ಈ ಒಂದು ಗೆರೆಯಲ್ಲಿ ಓದಲು ಸಿಗುತ್ತವೆ.

ಅಣಿಗೊಳಿಸುವ ಕೆಲಸವನ್ನು ನಾನು ಹೀಗೆ ಹಿಗ್ಗಿಸಿ ಹೇಳುವಾಗ, ಒಳ್ಳೆಯ ಕ್ಯಾಮೆರಾ ಕೊಂಡರೆ ಇದೆಲ್ಲ ತಾಪತ್ರಯವೇ ಇರುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಕ್ಕೆ ಲೆಕ್ಕದಿಂದಲೇ ಉತ್ತರ ಕೊಡಬಹುದು. ಒಂದು ಪಿಕ್ಸೆಲ್ಲಿಗೆ ನಮ್ಮ ವಸ್ತುವಿನಿಂದ 16 ಎಲೆಕ್ಟ್ರಾನ್, ಸುತ್ತಲಿನ ಬೇಡದ ಬೆಳಕಿನಿಂದ 9 ಎಲೆಕ್ಟ್ರಾನ್ ಬರುತ್ತಿವೆ ಎನ್ನಿ. ಓದುಗದ್ದಲ 8 ಎಲೆಕ್ಟ್ರಾನ್ ಇರುವ ಹಳೆಯ ಕ್ಯಾಮೆರಾದಲ್ಲಿ ಸಂಕೇತವು ಗದ್ದಲದ 1.7 ಪಟ್ಟು. ಓದುಗದ್ದಲ 1.6 ಇರುವ ಹೊಸದರಲ್ಲಿ ಅದು 3 ಪಟ್ಟು. ಇಲ್ಲಿಯವರೆಗೆ ಆಕ್ಷೇಪಕರು ಹೇಳಿದ್ದು ಸರಿ. ಈಗ ಅದೇ ಹೊಸ ಕ್ಯಾಮೆರಾವನ್ನಿಟ್ಟುಕೊಂಡು, ಕೋಣೆಯ ಕಂಪ್ಯೂಟರ್ ಪರದೆಯನ್ನು ತಿರುಗಿಸಿ, ಉಪಕರಣಗಳ ಮೇಲೆ ಮಿನುಗುವ ದೀಪಗಳಿಗೆ ಕಪ್ಪು ಟೇಪು ಅಂಟಿಸಿ, ಸರಿಯಾದ ಫಿಲ್ಟರ್ ಹಾಕಿ ಬೇಡದ ಬೆಳಕನ್ನು 9ರಿಂದ 1ಕ್ಕೆ ಇಳಿಸಿ. ಅನುಪಾತ 3.6ಕ್ಕೆ ಏರುತ್ತದೆ. ಅದೇ 9ರ ಹಿನ್ನೆಲೆಯಲ್ಲಿ ಗದ್ದಲವೇ ಇಲ್ಲದ ಕ್ಯಾಮೆರಾವನ್ನು ಎಷ್ಟೇ ದುಡ್ಡು ಸುರಿದು ತಂದರೂ ಸಿಗುವುದು 3.2 ಮಾತ್ರ. ಕ್ಯಾಮೆರಾ ಒಂದು ಮಟ್ಟಕ್ಕೆ ಬಂದ ಮೇಲೆ ಕೋಣೆಯ ಕತ್ತಲೆ ಕ್ಯಾಮೆರಾದ ಬೆಲೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಇದಕ್ಕೆ ಹೊಂದಿಕೊಂಡಂತೆ ಬರುವ ಮಾತು, ಒಂದೊಂದೇ ಫೋಟಾನನ್ನು ಎಣಿಸಬಲ್ಲ ಕ್ಯಾಮೆರಾಗಳು ಬಂದಿವೆ ಎಂಬುದು. ಬಂದಿವೆ, ನಿಜ. 2021ರಲ್ಲಿ ಹಮಾಮಾತ್ಸು ಸಂಸ್ಥೆ 0.27 ಎಲೆಕ್ಟ್ರಾನಿನಷ್ಟೇ ಓದುಗದ್ದಲವಿರುವ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಅದಕ್ಕೂ ಮೊದಲೇ ಇಎಂಸಿಸಿಡಿ ಎಂಬ ಕ್ಯಾಮೆರಾಗಳು ಓದುವ ಮುನ್ನವೇ ಎಲೆಕ್ಟ್ರಾನುಗಳನ್ನು ನೂರಾರು ಪಟ್ಟು ಗುಣಿಸಿ ಓದುಗದ್ದಲವನ್ನು ಗೌಣಗೊಳಿಸಿದ್ದವು. ಆದರೆ ಆ ಗುಣಾಕಾರವೂ ಅದೃಷ್ಟದಾಟವೇ. ಒಂದು ಎಲೆಕ್ಟ್ರಾನ್ ಒಮ್ಮೆ ಇನ್ನೂರಾಗುತ್ತದೆ, ಇನ್ನೊಮ್ಮೆ ನಾನೂರಾಗುತ್ತದೆ. ಇದರಿಂದ ಸೇರುವ ಏರುಪೇರು, ಬಂದ ಫೋಟಾನುಗಳಲ್ಲಿ ಅರ್ಧವನ್ನು ಚೆಲ್ಲಿದ್ದಕ್ಕೆ ಸಮ. ಹಾಗಾಗಿ ಪಿಕ್ಸೆಲ್ಲಿಗೆ ಒಂದೆರಡು ಫೋಟಾನ್ ಬರುವಲ್ಲಿ ಗುಣಾಕಾರ ವರ, ಹತ್ತಾರು ಬರುವಲ್ಲಿ ಅದು ನಷ್ಟ. ಯಾವ ಗುಂಡಿಯನ್ನು ಯಾವಾಗ ಒತ್ತಬಾರದು ಎಂಬುದು ತಿಳಿಯಬೇಕಾದರೆ ಎಷ್ಟು ಫೋಟಾನ್ ಬರುತ್ತಿವೆ ಎಂದು ಗೊತ್ತಿರಬೇಕು, ಅದು ಗೊತ್ತಾಗುವುದು ಹಿಂದೆ ಹೇಳಿದ ಅಳತೆಗಳಿಂದ. ಗುಣಾಕಾರವನ್ನು ಹೆಚ್ಚಿಟ್ಟು ಕೋಣೆಯ ದೀಪ ಹಾಕಿದರೆ ಆ ಸೆನ್ಸರಿಗೆ ಆಯುಸ್ಸೇ ಕಡಿಮೆಯಾಗುತ್ತದೆ. 2015ರ ಸೆಪ್ಟೆಂಬರ್ 28ರಂದು ಉಡಾವಣೆಯಾದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವೂ, ಹೊಸಕೋಟೆಯ ಆವರಣದಲ್ಲೇ ಜೋಡಣೆಗೊಂಡದ್ದು, ಫೋಟಾನುಗಳನ್ನು ಒಂದೊಂದಾಗಿ ಎಣಿಸುವಂತೆ ರೂಪಿಸಿದ್ದು. ತೀರ ಪ್ರಕಾಶಮಾನ ನಕ್ಷತ್ರಗಳಿರುವ ದಿಕ್ಕಿಗೆ ಅದನ್ನು ತಿರುಗಿಸಲು ಅನುಮತಿ ಇರಲಿಲ್ಲ. ಅತಿ ಸೂಕ್ಷ್ಮವಾದ ಕಣ್ಣಿಗೆ ಅಷ್ಟೇ ಎಚ್ಚರದ ಕಾವಲು ಬೇಕಾಗುತ್ತದೆ.

ಎರಡನೆಯ ಆಕ್ಷೇಪ ಜೀವವಿಜ್ಞಾನಿಗಳದ್ದು, ಅದನ್ನು ನಾನು ಗೌರವದಿಂದಲೇ ಎತ್ತಿಕೊಳ್ಳುತ್ತೇನೆ. ನಮಗೆ ಎಲೆಕ್ಟ್ರಾನುಗಳ ಲೆಕ್ಕ ಬೇಡ, ಈ ಪ್ರೋಟೀನು ಕೋಶದಲ್ಲಿ ಇದೆಯೋ ಇಲ್ಲವೋ ಎಂದು ತಿಳಿದರೆ ಸಾಕು ಎನ್ನುತ್ತಾರೆ ಅವರು. ತನ್ನ ಶೋಧಕರಿಗೆ 2008ರ ರಸಾಯನಶಾಸ್ತ್ರದ ನೊಬೆಲ್ ತಂದುಕೊಟ್ಟ, ಲೋಳೆಮೀನಿನಿಂದ ದೊರೆತ ಹಸಿರು ಹೊಳೆವ ಪ್ರೋಟೀನು ಬಳಕೆಗೆ ಬಂದಂದಿನಿಂದ ಹೊಳೆಯುವುದೇ ಇರುವಿಕೆಯ ಪುರಾವೆ ಎಂಬ ರೂಢಿ ಬೆಳೆದಿದೆ. ಆದರೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೂ ಒಂದು ಗಡಿ ಬೇಕು, ಎಷ್ಟು ಹೊಳೆದರೆ ಇದೆ ಎನ್ನಬೇಕು ಎಂಬ ಗಡಿ. ಕೋಶಗಳು ಏನೂ ಹಚ್ಚದಿದ್ದರೂ ತಾವೇ ಹೊಳೆಯುತ್ತವೆ. ಎಲೆಯ ಕೋಶದಲ್ಲಿ ಹರಿತ್ತು ಕೆಂಪಾಗಿ ಹೊಳೆಯುತ್ತದೆ. ಕ್ಯಾಮೆರಾದ ಕೆಲವು ಪಿಕ್ಸೆಲ್ಲುಗಳು ಕತ್ತಲೆಯಲ್ಲೂ ಚುಕ್ಕಿಗಳಾಗಿ ಬೆಳಗುತ್ತವೆ. ಪರದೆಯ ಮೇಲೆ ಚಿತ್ರ ತೋರಿಸುವ ತಂತ್ರಾಂಶವಂತೂ ಕನಿಷ್ಠ ಅಂಕೆಯನ್ನು ಕಪ್ಪಿಗೂ ಗರಿಷ್ಠ ಅಂಕೆಯನ್ನು ಬಿಳಿಗೂ ತಾನಾಗಿ ಹಿಗ್ಗಿಸಿಬಿಡುತ್ತದೆ. ಆಗ ಬಣ್ಣ ಹಚ್ಚದ ಕೋಶವೂ ಹಚ್ಚಿದ ಕೋಶವೂ ಪಕ್ಕಪಕ್ಕದಲ್ಲಿ ಒಂದೇ ಹೊಳಪಿನಲ್ಲಿ ಕಾಣುವುದು ಸಾಮಾನ್ಯ. ಆ ಸ್ವಯಂ ಹಿಗ್ಗಿಸುವಿಕೆಯನ್ನು ನಿಲ್ಲಿಸುವುದು, ಬಣ್ಣ ಹಚ್ಚದ ಮಾದರಿಯನ್ನು ಅದೇ ಜೋಡಣೆಯಲ್ಲಿ ತೆಗೆಯುವುದು, ಇವು ಒಂದು ಮಧ್ಯಾಹ್ನದ ಕೆಲಸ. ಇವಿಲ್ಲದೆ ಇದೆ ಎಂಬ ಉತ್ತರಕ್ಕೆ ನೆಲೆಯಿಲ್ಲ.

ಮೂರನೆಯದು ಇತ್ತೀಚಿನದು, ಯುವಕರ ಬಾಯಲ್ಲಿ ಹೆಚ್ಚಾಗಿ ಕೇಳಿಬರುವುದು. ಗದ್ದಲವನ್ನು ಕೃತಕ ಬುದ್ಧಿಮತ್ತೆ ತೆಗೆದುಹಾಕುತ್ತದೆ, ನಾವೇಕೆ ಒದ್ದಾಡಬೇಕು? 2018ರ ಹೊತ್ತಿಗೆ ಸೂಕ್ಷ್ಮದರ್ಶಕದ ಚಿತ್ರಗಳಿಗೆ ಇಂಥ ವಿಧಾನಗಳು ಬಂದವು, ಮತ್ತು ಅವು ಬೆರಗು ಹುಟ್ಟಿಸುವಂತೆ ಕೆಲಸ ಮಾಡುತ್ತವೆ. ಅತಿ ಕಡಿಮೆ ಬೆಳಕು ಕೊಟ್ಟು ಜೀವಂತ ಭ್ರೂಣವನ್ನು ಹಾನಿಯಿಲ್ಲದೆ ಗಮನಿಸುವಲ್ಲಿ, ಕೋಶದ ಅಂಚು ಎಲ್ಲಿದೆ ಎಂದು ಗುರುತಿಸುವಲ್ಲಿ ಅವುಗಳಿಂದ ನಿಜವಾದ ಪ್ರಯೋಜನವಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಅವು ಮಾಡುವುದು ಹಿಂದೆ ಕಂಡ ಚಿತ್ರಗಳಿಂದ ಕಲಿತದ್ದನ್ನು ಇಲ್ಲಿ ತುಂಬುವುದು. ಹಿಂದೆ ಕಾಣದ ವಸ್ತು ಎದುರಾದರೆ ಅವು ತಮಗೆ ಗೊತ್ತಿರುವ ಆಕಾರವನ್ನೇ ಅಲ್ಲಿ ಬರೆಯಬಹುದು. ಹೊಸತನ್ನು ಹುಡುಕುವುದೇ ಕಸುಬಾದವರಿಗೆ ಇದಕ್ಕಿಂತ ದೊಡ್ಡ ಅಪಾಯ ಯಾವುದು? ಮೇಲಾಗಿ, ಇಂಥ ವಿಧಾನವನ್ನು ತರಬೇತುಗೊಳಿಸಲೂ ಗದ್ದಲದ ಸ್ವರೂಪ ತಿಳಿದಿರಬೇಕು. ವೈಜ್ಞಾನಿಕ ಸಿಮಾಸ್‌ನಲ್ಲಿ ಪ್ರತಿ ಪಿಕ್ಸೆಲ್ಲಿಗೂ ಅದರದೇ ವರ್ಧಕ, ಅದರದೇ ಗದ್ದಲ. ಒಂದು ಅಣುವಿನ ಜಾಗವನ್ನು ಗುರುತಿಸುವ ಸೂಕ್ಷ್ಮದರ್ಶನದಲ್ಲಿ ಈ ಪಿಕ್ಸೆಲ್ಲುವಾರು ನಕ್ಷೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅಣು ಇರುವ ಜಾಗವೇ ಪಕ್ಕಕ್ಕೆ ಸರಿಯುತ್ತದೆ ಎಂದು 2013ರಲ್ಲೇ ತೋರಿಸಲಾಗಿದೆ. ಆ ನಕ್ಷೆ ಸಿಗುವುದು ಮುಚ್ಚಳ ಹಾಕಿ ತೆಗೆದ ಸಾವಿರಾರು ಡಾರ್ಕ್ ಫ್ರೇಮುಗಳಿಂದ. ಬುದ್ಧಿವಂತ ತಂತ್ರಾಂಶದ ಬೇರೂ ಕತ್ತಲೆಯ ಅಳತೆಯಲ್ಲೇ ಇದೆ.

ಈ ವಿಷಯದಲ್ಲಿ ಖಗೋಳವಿಜ್ಞಾನದ ಶಿಸ್ತು ನಮಗೆ ಮಾದರಿ. ಛಾಯಾಫಲಕಗಳ ಕಾಲದಲ್ಲಿ ಬಿದ್ದ ನೂರು ಫೋಟಾನುಗಳಲ್ಲಿ ಒಂದೆರಡಷ್ಟೇ ದಾಖಲಾಗುತ್ತಿದ್ದವು. ಅವಧಿಯನ್ನು ಇಮ್ಮಡಿ ಮಾಡಿದರೆ ಕಪ್ಪು ಇಮ್ಮಡಿಯಾಗುತ್ತಿರಲಿಲ್ಲ. ಇಂದಿನ, ಹಿಂಬದಿಯಿಂದ ಬೆಳಕು ಪಡೆಯುವ ಸೆನ್ಸರುಗಳು ತೊಂಬತ್ತಕ್ಕೂ ಹೆಚ್ಚನ್ನು ಹಿಡಿಯುತ್ತವೆ, ಬೆಳಕು ಇಮ್ಮಡಿಯಾದರೆ ಅಂಕೆಯೂ ಇಮ್ಮಡಿ. ಆದರೂ ಖಗೋಳದವರು ಫಲಕದ ಕಾಲದಲ್ಲಿ ಕಲಿತ ಶಂಕೆಯನ್ನು ಕೈಬಿಡಲಿಲ್ಲ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರವನ್ನು ಮರೆಮಾಡುವ ಹೊತ್ತಿನಲ್ಲಿ, ಅದಕ್ಕೂ ಮೊದಲೇ ನಕ್ಷತ್ರದ ಬೆಳಕು ತಟ್ಟನೆ ಕುಗ್ಗಿದ್ದು ಕಾವಲೂರಿನ ವೀಕ್ಷಣಾಲಯದ ಬೆಳಕುಮಾಪಕದಲ್ಲೂ ದಾಖಲಾಯಿತು, ಅಮೆರಿಕದವರ ಹಾರುವ ವೀಕ್ಷಣಾಲಯದಲ್ಲೂ ದಾಖಲಾಯಿತು. ಒಂದೇ ಕಡೆ ಕಂಡಿದ್ದರೆ ಅದು ತೆಳುಮೋಡವೋ ಉಪಕರಣದ ದೋಷವೋ ಎಂಬ ಸಂದೇಹ ಉಳಿಯುತ್ತಿತ್ತು. ಬೇರೆ ಬೇರೆ ನೆಲೆಗಳ ಬೇರೆ ಬೇರೆ ಉಪಕರಣಗಳಲ್ಲಿ ಕಂಡದ್ದರಿಂದ ಅದು ಯುರೇನಸ್ಸಿನ ಉಂಗುರಗಳ ಆವಿಷ್ಕಾರವಾಯಿತು. 1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕ ಆಕಾಶದ ಒಂದು ಖಾಲಿ ಮೂಲೆಯನ್ನು ಹತ್ತು ದಿನ ನೋಡಿ ಸಾವಿರಾರು ಗೆಲಾಕ್ಸಿಗಳನ್ನು ಕಂಡಾಗಲೂ ಒಂದೇ ಉದ್ದನೆಯ ಫ್ರೇಮ್ ತೆಗೆಯಲಿಲ್ಲ. 342 ಫ್ರೇಮುಗಳನ್ನು ತೆಗೆದು, ನಡುನಡುವೆ ದೂರದರ್ಶಕವನ್ನು ಕೂದಲೆಳೆಯಷ್ಟು ಸರಿಸುತ್ತ ಹೋದರು. ಕೆಟ್ಟ ಪಿಕ್ಸೆಲ್ಲು ಒಂದೇ ಜಾಗದಲ್ಲಿ ಕೂರದಂತೆ, ವಿಶ್ವಕಿರಣ ಬಡಿದ ಗುರುತು ಗೆಲಾಕ್ಸಿಯಾಗಿ ಉಳಿಯದಂತೆ ಆ ಕ್ರಮ.

ಶಿಸ್ತಿನ ಇನ್ನೊಂದು ಭಾಗ ಕಡತದ್ದು. ಖಗೋಳದವರು 1981ರಿಂದ ಫಿಟ್ಸ್ ಎಂಬ ಕಡತ ಮಾದರಿಯನ್ನು ಬಳಸುತ್ತಿದ್ದಾರೆ. ಅದರ ತಲೆಬರಹದಲ್ಲಿ ಅವಧಿ, ಉಷ್ಣತೆ, ಗೇನ್, ಫಿಲ್ಟರ್ ಎಲ್ಲವನ್ನೂ ಯಾರೂ ಓದಬಹುದಾದ ಅಕ್ಷರಗಳಲ್ಲಿ ಬರೆದಿಡಬಹುದು. ಜೆಪೆಗ್‌ಗೆ ಬದಲಿಸಿದ ಕ್ಷಣವೇ ಅಂಕೆಗಳು ಕಳೆದುಹೋಗುತ್ತವೆ. 65,536 ಹಂತಗಳಲ್ಲಿ ಅಳೆದದ್ದನ್ನು 256 ಹಂತಗಳಿಗೆ ಹಿಂಡಿ, ಅದರ ಮೇಲೂ ಅಂದಾಜಿನ ಕಸೂತಿ ಹಾಕಿದ ಕಡತದಿಂದ ಯಾವ ಪ್ರಮಾಣವನ್ನೂ ಹಿಂದಕ್ಕೆ ಪಡೆಯಲಾಗದು. ಮೂಲ ಕಡತವನ್ನು ಮುಟ್ಟದೆ ಇಟ್ಟು, ತಿದ್ದುಪಡಿಗಳನ್ನೆಲ್ಲ ಪ್ರತಿಯ ಮೇಲೆ ಮಾಡಬೇಕು.

ಕೊನೆಯದಾಗಿ ಹಣದ ಮಾತು. ಇಷ್ಟೆಲ್ಲ ದೊಡ್ಡ ಸಂಸ್ಥೆಗಳಿಗೆ ಸರಿ, ಜಿಲ್ಲಾ ಕೇಂದ್ರದ ಕಾಲೇಜಿಗೆ ಹೇಗೆ ಸಾಧ್ಯ ಎಂಬ ಪ್ರಶ್ನೆಯನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ನಾನು ಹೇಳಿದ ಅಳತೆಗಳಿಗೆ ಬೇಕಾದದ್ದು ಮುಚ್ಚಳ, ಸಮನಾಗಿ ಬೆಳಗಿದ ಬಿಳಿ ಹಾಳೆ, ಒಂದು ಸಾಧಾರಣ ಕಂಪ್ಯೂಟರ್. ಸೂಕ್ಷ್ಮ ಸಂಗತಿಗಳಲ್ಲೂ ಆಯ್ಕೆ ಇದೆ. ಹತ್ತು ಮಿಲಿಸೆಕೆಂಡಿನ ಫ್ರೇಮುಗಳಿಗೆ ಅತಿಶೀತಲತೆಗಾಗಿ ದುಡ್ಡು ಹಾಕುವುದು ದಂಡ, ಅಷ್ಟರಲ್ಲಿ ಶಾಖದ ಎಲೆಕ್ಟ್ರಾನುಗಳು ಸೇರುವುದೇ ಇಲ್ಲವೆನ್ನಬಹುದು. ಅಲ್ಲಿ ಉಷ್ಣತೆ ಏರಿಳಿಯದೆ ನಿಂತರೆ ಸಾಕು. ನೀರಿನಿಂದ ತಂಪು ಮಾಡುವವರು ನೀರನ್ನು ಗಾಳಿಯ ಇಬ್ಬನಿಬಿಂದುವಿಗಿಂತ ಕೆಳಗಿಳಿಸಬಾರದು, ಕರಾವಳಿಯ ಮಳೆಗಾಲದಲ್ಲಿ ಇದನ್ನು ಮರೆತರೆ ವಿದ್ಯುನ್ಮಂಡಲದ ಮೇಲೆ ನೀರು ಕೂರುತ್ತದೆ. ನಮ್ಮ ವಿಶ್ವವಿದ್ಯಾಲಯಗಳು ಮೊದಲು ಮಾಡಬೇಕಾದ ಬದಲಾವಣೆ ಟೆಂಡರ್ ಕಾಗದದಲ್ಲಿದೆ. ಕ್ಯಾಮೆರಾ ಸ್ಥಾಪಿಸಿದ ದಿನ ಒಂದು ಚೆಂದದ ಚಿತ್ರ ತೋರಿಸಿ ಸಹಿ ಪಡೆದು ಹೋಗುವುದು ಈಗಿನ ರೂಢಿ. ಅದರ ಬದಲು ಮುಚ್ಚಳ ಹಾಕಿದ ನೂರು ಫ್ರೇಮುಗಳನ್ನೂ, ಫೋಟಾನ್ ಟ್ರಾನ್ಸ್‌ಫರ್ ಕರ್ವನ್ನೂ ಅದೇ ಕೋಣೆಯಲ್ಲಿ, ಅದೇ ಬಳಕೆದಾರರ ಎದುರಿನಲ್ಲಿ ತೆಗೆದುಕೊಟ್ಟ ಮೇಲೆಯೇ ಸಹಿ ಎಂಬ ಷರತ್ತು ಹಾಕಬೇಕು. ಪ್ರತಿ ವರ್ಷ ಅದನ್ನೇ ಮತ್ತೆ ತೆಗೆದು ಪಕ್ಕದಲ್ಲಿಟ್ಟು ನೋಡಿದರೆ ಸೆನ್ಸರಿನ ಸುತ್ತಲಿನ ನಿರ್ವಾತ ಸೋರುತ್ತಿದೆಯೇ, ಗುಣಾಕಾರ ಸವೆದಿದೆಯೇ, ಹೊಸ ಚುಕ್ಕಿ ಪಿಕ್ಸೆಲ್ಲುಗಳು ಹುಟ್ಟಿವೆಯೇ ಎಂಬುದು ಪ್ರಬಂಧ ಅಚ್ಚಾಗುವ ಮೊದಲೇ ಗೊತ್ತಾಗುತ್ತದೆ.